ಭಾಗಮಂಡಲದ ದಾರಿಯಲ್ಲಿ ಬರಿಗಾಲು

ಭಾಗಮಂಡಲದಿಂದ ತಲಕಾವೇರಿಗೆ ಏರುವ ಸುಮಾರು 8 ಕಿಲೋಮೀಟರ್ ದಾರಿಯಲ್ಲಿ ಬೆಳಗಿನ ಹೊತ್ತು ಬರಿಗಾಲಲ್ಲಿ ಓಡುವ ನನ್ನನ್ನು ಕಂಡವರು ಹೆಚ್ಚಾಗಿ ಕೇಳುವ ಪ್ರಶ್ನೆ ಒಂದೇ: "ಯಾವ ಹರಕೆ ಮಾರಾಯ್ರೆ?" ತುಲಾ ಸಂಕ್ರಮಣದ ತೀರ್ಥೋದ್ಭವಕ್ಕೆ ಇದೇ ದಾರಿಯಲ್ಲಿ ಚಪ್ಪಲಿ ಬಿಟ್ಟು ನಡೆದು ಹೋಗುವವರನ್ನು ಕಂಡು ಬೆಳೆದ ಊರಿನವರಿಗೆ ಹಾಗೆ ಅನ್ನಿಸುವುದು ಸಹಜ. ಆದರೆ 11 ವರ್ಷಗಳಿಂದ ಹೀಗೆ ಓಡುತ್ತಿರುವ ನನಗೆ ಯಾವ ದೇವರ ಸಾಲವೂ ಇಲ್ಲ. ಓಡುವುದೆಂದರೆ ನನಗೆ ಪ್ರಾಣ. ಅಂಗಾಲಿಗೆ ನೆಲ ತಾಗುತ್ತಿದ್ದರೆ ಆ ಪ್ರೀತಿ ಇನ್ನೂ ಹೆಚ್ಚುತ್ತದೆ, ಅಷ್ಟೇ.

ಮಾರ್ಚ್ ತಿಂಗಳಲ್ಲಿ ಹೂಮಳೆ, ಅಂದರೆ ಕಾಫಿ ಗಿಡಗಳು ಹೂಬಿಡಲು ನೆರವಾಗುವ ಮಳೆ, ಬಿದ್ದ ಮಾರನೆಯ ದಿನ ಕಾಫಿ ತೋಟದ ಓಣಿಯ ಕೆಂಪು ಮಣ್ಣು ಮೇಲೆ ಮೆತ್ತಗಾಗಿದ್ದರೂ ಒಳಗೆ ಇನ್ನೂ ಗಟ್ಟಿಯಾಗಿರುತ್ತದೆ ಎಂಬುದು, ಸಿಲ್ವರ್ ಓಕ್ ಮರದ ಒಣ ಎಲೆಗಳ ಕೆಳಗೆ ಬೇರು ಎಲ್ಲಿ ಎದ್ದಿದೆ ಎಂಬುದು, ಡಾಂಬರು ರಸ್ತೆಯ ಬಿಸಿಲು ಬಿದ್ದ ಬದಿಗೂ ನೆರಳಿನ ಬದಿಗೂ ಎಷ್ಟು ವ್ಯತ್ಯಾಸವೆಂಬುದು ಕಣ್ಣಿಗಿಂತ ಮೊದಲು ಕಾಲಿಗೆ ಗೊತ್ತಾಗುತ್ತದೆ. ಒಂದು ಪಾದದಲ್ಲಿ 26 ಮೂಳೆಗಳಿವೆ. ಅವೆಲ್ಲ ಒಂದೊಂದು ಹೆಜ್ಜೆಗೂ ತುಸು ಅಗಲವಾಗಿ, ಮತ್ತೆ ಕೂಡಿಕೊಳ್ಳುವುದನ್ನು ನಾನು ಶೂ ಹಾಕಿ ಓಡುತ್ತಿದ್ದ ಕಾಲದಲ್ಲಿ ಒಮ್ಮೆಯೂ ಗಮನಿಸಿರಲಿಲ್ಲ. ಮಳೆಗಾಲದ ಜಿಗಣೆಗಳ ಬಗ್ಗೆ ಕೇಳುವವರಿಗೆ ಒಂದು ಮಾತು: ಅವು ಶೂ ಹಾಕಿದವರನ್ನೂ ಬಿಡುವುದಿಲ್ಲ. ಬರಿಗಾಲಿನಲ್ಲಾದರೆ ಹತ್ತಿದ ತಕ್ಷಣ ಕಾಣುತ್ತದೆ, ಕಿತ್ತು ಬಿಸಾಡಬಹುದು.

ಬರಿಗಾಲಿನ ಓಟವೇ ಎಲ್ಲರಿಗೂ ಒಳ್ಳೆಯದು ಎಂದು ಹೇಳುವವರ ಗುಂಪಿಗೆ ನಾನು ಸೇರಿದವನಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದ ಡೇನಿಯಲ್ ಲೀಬರ್‌ಮನ್ ಮತ್ತು ಅವರ ಸಂಗಡಿಗರು 2010ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬರಿಗಾಲಲ್ಲಿ ಓಡಿ ರೂಢಿಯಾದವರು ಹೆಚ್ಚಾಗಿ ಹಿಮ್ಮಡಿಯ ಬದಲು ಪಾದದ ಮುಂಭಾಗವನ್ನು ಮೊದಲು ಊರುತ್ತಾರೆ ಮತ್ತು ನೆಲಕ್ಕೆ ತಾಗುವ ಕ್ಷಣದ ಹೊಡೆತ ಅವರಿಗೆ ಕಡಿಮೆ. ಅದರಿಂದ ಪೆಟ್ಟುಗಳೇ ಆಗುವುದಿಲ್ಲ ಎಂದು ಆ ಅಧ್ಯಯನ ಹೇಳಿರಲಿಲ್ಲ; ಹಾಗೆ ಓದಿಕೊಂಡವನು ನಾನು. ಹಿಮ್ಮಡಿಯ ಮೇಲಿನ ಭಾರ ಮೀನಖಂಡಕ್ಕೂ ಪಾದದ ಮುಂಭಾಗದ ಸಣ್ಣ ಮೂಳೆಗಳಿಗೂ ವರ್ಗವಾಗುತ್ತದೆ, ಅವು ಗಟ್ಟಿಯಾಗಲು ತಿಂಗಳುಗಳೇ ಬೇಕು ಎಂಬುದನ್ನು ಲೆಕ್ಕಿಸದೆ, ಶೂ ಬಿಚ್ಚಿದ ಮೂರನೆಯ ವಾರವೇ 15 ಕಿಲೋಮೀಟರ್ ಓಡಿದೆ. ಎಡಪಾದದ ಮೂಳೆಯೊಂದರಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟಿತು.

ಓಡದೆ ಕಳೆದ ಆ ಮೂರು ತಿಂಗಳು ನನ್ನ ಬದುಕಿನ ಅತಿ ಕಷ್ಟದ ದಿನಗಳು. ನೋವು ಹತ್ತು ದಿನಕ್ಕೆ ತಗ್ಗಿತು. ಆದರೆ ಬೆಳಗ್ಗೆ ಐದಕ್ಕೆ ಎಚ್ಚರವಾದಾಗ ಎದ್ದು ಏನು ಮಾಡಬೇಕೆಂದು ತಿಳಿಯದೆ, ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಮಂಜು ಕರಗುವುದನ್ನು ನೋಡುತ್ತಾ, ಓಡದಿದ್ದರೆ ನಾನು ಯಾರು ಎಂದು ಕೇಳಿಕೊಳ್ಳುತ್ತಿದ್ದೆ. ಊರಿನಲ್ಲಿ ನನಗಿದ್ದ ಗುರುತೇ 'ಓಡುವವನು' ಎಂದು.

ನನ್ನನ್ನು ಹೊಗಳಲು ಬಯಸುವವರು ಅಬೆಬೆ ಬಿಕಿಲಾ ಅವರ ಹೆಸರು ಹೇಳುತ್ತಾರೆ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಆ ಇಥಿಯೋಪಿಯಾದ ಸೈನಿಕ 42.195 ಕಿಲೋಮೀಟರ್ ದೂರವನ್ನು ಬರಿಗಾಲಲ್ಲಿ 2 ಗಂಟೆ 15 ನಿಮಿಷ 16 ಸೆಕೆಂಡಿನಲ್ಲಿ ಓಡಿ ಚಿನ್ನ ಗೆದ್ದರು. ಎಲ್ಲರೂ ಅಲ್ಲಿಗೇ ನಿಲ್ಲಿಸುತ್ತಾರೆ. 1964ರಲ್ಲಿ ಟೋಕಿಯೋದಲ್ಲಿ ಅವರು ಶೂ ಹಾಕಿಕೊಂಡು ಓಡಿ 2 ಗಂಟೆ 12 ನಿಮಿಷ 11 ಸೆಕೆಂಡಿನಲ್ಲಿ ಮತ್ತೆ ಗೆದ್ದದ್ದನ್ನು ಯಾರೂ ನೆನೆಯುವುದಿಲ್ಲ. 1969ರಲ್ಲಿ ಕಾರು ಅಪಘಾತದಲ್ಲಿ ಅವರ ಕಾಲುಗಳ ಸ್ವಾಧೀನ ತಪ್ಪಿತು. ಮರುವರ್ಷವೇ ಅವರು ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಕ್ರೀಡಾಕೂಟದಲ್ಲಿ ಗಾಲಿಕುರ್ಚಿಯಲ್ಲಿ ಕುಳಿತು ಬಿಲ್ಲುಗಾರಿಕೆಯಲ್ಲಿ ಸ್ಪರ್ಧಿಸಿದರು. ಅಂಗಳದ ಆ ಕುರ್ಚಿಯಲ್ಲಿ ಕುಳಿತು ಇದನ್ನು ಓದಿದಾಗ ನಾನು ಅತ್ತೆ. ಬರಿಗಾಲು ಅವರ ಗುರುತಾಗಿರಲಿಲ್ಲ, ಓಟವೂ ಅವರ ಪೂರ್ತಿ ಗುರುತಾಗಿರಲಿಲ್ಲ.

ಇನ್ನೊಂದು ವಿಷಯವನ್ನು ಹೇಳಲೇಬೇಕು. ಶಾಲಾ ಕ್ರೀಡಾಕೂಟಗಳಲ್ಲಿ ತೋಟದ ಲೈನ್ ಮನೆಗಳ, ಅಂದರೆ ಕೂಲಿ ಕಾರ್ಮಿಕರ ಸಾಲುಮನೆಗಳ, ಮಕ್ಕಳು ಬರಿಗಾಲಲ್ಲಿ ಓಡುತ್ತಾರೆ. ನನ್ನನ್ನು ಕಂಡು "ಎಂಥ ಸಾಧನೆ" ಎನ್ನುವವರೇ ಆ ಮಕ್ಕಳನ್ನು ಕಂಡು "ಪಾಪ" ಎನ್ನುತ್ತಾರೆ. ನೆಲ ಒಂದೇ, ಚುಚ್ಚುವ ಕಲ್ಲೂ ಒಂದೇ. ವ್ಯತ್ಯಾಸವೆಂದರೆ ನನ್ನ ಮನೆಯ ಜಗಲಿಯಲ್ಲಿ ಎರಡು ಜೊತೆ ಶೂ ಇವೆ. ಇಲ್ಲದ ಮಗುವಿಗೆ ಬರಿಗಾಲಿನ ಹಿರಿಮೆಯನ್ನು ಬೋಧಿಸುವುದು ನನ್ನ ದೃಷ್ಟಿಯಲ್ಲಿ ದೊಡ್ಡ ತಪ್ಪು. ಮೊದಲು ಶೂ ಕೊಡಿ, ಆಮೇಲೆ ಬಿಚ್ಚುವುದೋ ಬಿಡುವುದೋ ಆ ಮಗುವೇ ಹೇಳಲಿ.

ನಮ್ಮ ಪಕ್ಕದ ತೋಟದ ಲೈನ್ ಮನೆಯ ಹುಡುಗಿಯೊಬ್ಬಳು ಈಗ ಭಾನುವಾರಗಳಂದು ನನ್ನ ಜೊತೆ ಓಡಲು ಬರುತ್ತಾಳೆ. ಅವಳಿಗೆ ತನ್ನ ನೀಲಿ ಶೂಗಳೆಂದರೆ ಬಹಳ ಇಷ್ಟ; ಕೆಸರು ಕಂಡಲ್ಲಿ ಅವನ್ನು ಕಾಪಾಡಲು ದಾರಿಯ ಅಂಚಿಗೆ ಸರಿದು ಓಡುತ್ತಾಳೆ, ನಾನು ನಡುವಿನಿಂದಲೇ ಹಾಯ್ದು ಹೋಗುತ್ತೇನೆ. ಏರು ಬಂದಲ್ಲಿ ಅವಳೇ ಮುಂದೆ.