ಮೊರದಲ್ಲಿ ಉಳಿದ ನಾಲ್ಕು ಕಾಳು

75 ಪ್ರಯೋಗಗಳನ್ನು ಮೊರಕ್ಕೆ ಸುರಿದು ಕೇರಿದರು. ಪಕ್ಷಪಾತದ ಹೊಟ್ಟು ಅಂಟದೆ ಉಳಿದದ್ದು ನಾಲ್ಕು.

2013ರಲ್ಲಿ ಲಂಡನ್ನಿನ ಸಂಶೋಧಕರು ಹೀಗೆ ಕೇರಿ ನೋಡಿದ್ದು ಮೊಬೈಲಿನಿಂದ ಜನರ ಆರೋಗ್ಯ ಸುಧಾರಿಸಲು ಹೊರಟ ಯತ್ನಗಳನ್ನು. ಅವುಗಳಲ್ಲಿ ಬಹುತೇಕ ಎಲ್ಲವೂ ಶ್ರೀಮಂತ ದೇಶಗಳವು. ಉಳಿದ ಕಾಳುಗಳಲ್ಲಿ ಒಂದು ನಿಜಕ್ಕೂ ಗಟ್ಟಿಯಾಗಿತ್ತು. ಬ್ರಿಟನ್ನಿನ 5,800 ಧೂಮಪಾನಿಗಳ ಮೇಲೆ ನಡೆದ ಆ ಪ್ರಯೋಗದಲ್ಲಿ, ಉತ್ತೇಜನದ ಸಂದೇಶ ಪಡೆದವರಲ್ಲಿ ಶೇ 10.7ರಷ್ಟು ಮಂದಿ ಆರು ತಿಂಗಳು ಬೀಡಿ ಸಿಗರೇಟು ಮುಟ್ಟಲಿಲ್ಲ. ಪಡೆಯದವರಲ್ಲಿ ಶೇ 4.9. ‘ಬಿಟ್ಟೆ’ ಎಂಬ ಬಾಯಿಮಾತನ್ನು ನಂಬದೆ ಜೊಲ್ಲನ್ನೇ ಪರೀಕ್ಷಿಸಿದ್ದರು. ಸಿಗರೇಟು ಬಿಟ್ಟವನ ಮಾತನ್ನು ಹೆಂಡತಿಯೇ ನಂಬುವುದಿಲ್ಲ, ವಿಜ್ಞಾನ ಏಕೆ ನಂಬಬೇಕು?

ಆದರೆ ನಾಲ್ಕು ಕಾಳಿನಿಂದ ಊರೂಟ ಹಾಕಲಾಗುವುದಿಲ್ಲ. ಹಾಗಾಗಿ ಸಮ್ಮೇಳನಗಳಲ್ಲಿ ಹೊಟ್ಟನ್ನೂ ಸೇರಿಸಿಯೇ ಬಡಿಸುತ್ತಾರೆ. ‘75 ಪ್ರಯೋಗಗಳ ಪ್ರಕಾರ’ ಎಂದು ಆರಂಭವಾದ ಭಾಷಣವನ್ನು ಅರ್ಧಕ್ಕೆ ತಡೆಯುವ ಧೈರ್ಯ ಯಾರಿಗಿದೆ?

ಆಗಲೇ ನಡೆದ ಅಧ್ಯಯನಗಳನ್ನು ಒಟ್ಟುಹಾಕಿ ತೂಗಿ ನೋಡುವ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಬಳಗದ ಪರಿಶೀಲಕರು ಇನ್ನೂ ಮಡಿವಂತರು. ರಕ್ತಪರೀಕ್ಷೆಯಂಥ ತಪಾಸಣೆಗಳ ಫಲಿತಾಂಶವನ್ನು ಮೊಬೈಲ್ ಸಂದೇಶದಲ್ಲಿ ತಿಳಿಸಿದರೆ ಲಾಭವಿದೆಯೇ ಎಂದು 2012ರಲ್ಲಿ ಲೋಕವನ್ನೆಲ್ಲ ಜಾಲಾಡಿದರು. ಅರ್ಹವಾಗಿ ಸಿಕ್ಕಿದ ಅಧ್ಯಯನ ಒಂದೇ ಒಂದು. ಒಬ್ಬನೇ ರಾಜಕುಮಾರ ಬಂದ ಸ್ವಯಂವರ. ಆದರೂ ಮಂಟಪ, ವಾದ್ಯ, ಶಾಸ್ತ್ರ ಯಾವುದಕ್ಕೂ ಕೊರತೆಯಿರಲಿಲ್ಲ. ಕೊನೆಗೆ ಮಾಲೆ ಮಾತ್ರ ಕೈಯಲ್ಲೇ ಉಳಿಯಿತು.

ಅಧ್ಯಯನಗಳು ಹೆಚ್ಚಿಗೆ ಸಿಕ್ಕಿದರೆ ಸುಖವೇ ಎಂದರೆ, ಅದು ಬೇರೆಯೇ ಪಾಡು. ಕೆನ್ಯಾದಲ್ಲಿ ಎಚ್‌ಐವಿ ಪೀಡಿತರಾದ 538 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ವಾರಕ್ಕೊಮ್ಮೆ ಸ್ವಾಹಿಲಿಯಲ್ಲಿ ‘ಮಾಂಬೊ?’ ಎಂಬ ಸಂದೇಶ ಹೋಗುತ್ತಿತ್ತು. ‘ಹೇಗಿದ್ದೀರಿ?’ ಎಂದಷ್ಟೇ ಅರ್ಥ. ‘ಶಿದಾ’, ಅಂದರೆ ತೊಂದರೆಯಿದೆ ಎಂದು ಉತ್ತರ ಬಂದರೆ ಅಥವಾ ಉತ್ತರವೇ ಬಾರದಿದ್ದರೆ ಆಸ್ಪತ್ರೆಯವರು ಕರೆ ಮಾಡಿ ವಿಚಾರಿಸುತ್ತಿದ್ದರು. ಮಾತ್ರೆಯನ್ನು ಸರಿಯಾಗಿ ನುಂಗುವವರು ಹೆಚ್ಚಾದರು. 2010ರಲ್ಲಿ ಫಲಿತಾಂಶ ಪ್ರಕಟವಾದಾಗ ಎಲ್ಲರಿಗೂ ಹಬ್ಬ. ಮುಂದೆ ಬೆಂಗಳೂರಿನ ಸಂಶೋಧಕರೂ ಇದ್ದ ತಂಡ ದಕ್ಷಿಣ ಭಾರತದ 631 ರೋಗಿಗಳಲ್ಲಿ ಇಂಥದ್ದೇ ಪ್ರಯೋಗ ನಡೆಸಿತು. ವಾರವಾರ ಯಂತ್ರದ ಕರೆ, ಜೊತೆಗೊಂದು ಚಿತ್ರಸಂದೇಶ. 2014ರಲ್ಲಿ ಬಂದ ಉತ್ತರ: ಎರಡು ವರ್ಷವಾದರೂ ಪ್ರಯೋಜನ ಕಾಣಲಿಲ್ಲ.

ಪರಿಶೀಲಕ ಈಗ ಇವೆರಡನ್ನೂ ‘ಮೊಬೈಲ್ ಜ್ಞಾಪನೆ’ ಎಂಬ ಒಂದೇ ಡಬ್ಬಿಗೆ ಹಾಕಿ ಸರಾಸರಿ ತೆಗೆಯಬೇಕು. ಒಂದರಲ್ಲಿ ಫೋನಿನ ಹಿಂದೆ ಮನುಷ್ಯರಿದ್ದಾರೆ, ಇನ್ನೊಂದರಲ್ಲಿ ಕಂಪ್ಯೂಟರ್ ಇದೆ. ಮುದ್ದೆಯನ್ನೂ ಚಕ್ಕುಲಿಯನ್ನೂ ‘ಹಿಟ್ಟಿನ ಪದಾರ್ಥ’ ಎಂದು ಕರೆದು, ಎರಡನ್ನೂ ಒಟ್ಟಿಗೆ ರುಬ್ಬಿ, ರುಚಿ ಮಧ್ಯಮ ಎಂದು ತೀರ್ಪು ಕೊಟ್ಟಂತೆ.

ಎಷ್ಟೋ ಪ್ರಬಂಧಗಳಲ್ಲಿ ಕಳುಹಿಸಿದ ಸಂದೇಶವೇ ಇರುವುದಿಲ್ಲ. ‘ಸೂಕ್ತ ಸಂದೇಶಗಳನ್ನು ರವಾನಿಸಲಾಯಿತು’ ಎಂದು ಮುಗಿಸುತ್ತಾರೆ. ಏನು ಬರೆದಿದ್ದರು, ಯಾವ ಭಾಷೆಯಲ್ಲಿ, ಖರ್ಚು ಎಷ್ಟು, ಸಿಗ್ನಲ್ ಇತ್ತೇ, ಎಲ್ಲವೂ ದೈವರಹಸ್ಯ. ಇವನ್ನಾದರೂ ತಿಳಿಸಿರಪ್ಪಾ ಎಂದು ಬೇಡಿಕೊಳ್ಳಲು 2016ರಲ್ಲಿ ಒಂದು ತಜ್ಞರ ತಂಡ 16 ಅಂಶಗಳ ಪಟ್ಟಿಯನ್ನೇ ಹೊರಡಿಸಬೇಕಾಯಿತು. ಅಷ್ಟರಲ್ಲಿ ಪ್ರಯೋಗಕ್ಕೆ ಬಳಸಿದ ಕೀಲಿಮಣೆಯ ಫೋನುಗಳು ಮಕ್ಕಳ ಆಟಿಕೆಯಾಗಿದ್ದವು.

ಉಗಾಂಡದ ಆರೋಗ್ಯ ಇಲಾಖೆಗೆ ಮಾತ್ರ ಬೇಗ ಬುದ್ಧಿ ಬಂತು. ದೇಶದ ತುಂಬ ಒಂದಕ್ಕೊಂದು ಸಂಬಂಧವಿಲ್ಲದ ಇಂಥ ಮೊಬೈಲ್ ಆರೋಗ್ಯದ ಪ್ರಾಯೋಗಿಕ ಯೋಜನೆಗಳು ಅಣಬೆಯಂತೆ ಎದ್ದುದನ್ನು ಕಂಡು, ಇನ್ನು ಅನುಮತಿಯಿಲ್ಲದೆ ಹೊಸದನ್ನು ಆರಂಭಿಸಕೂಡದು ಎಂದು 2012ರ ಜನವರಿಯಲ್ಲಿ ತಡೆಯೊಡ್ಡಿತು. ಪರಿಶೀಲಕರಿಗೆ ಅಂಥ ತಡೆ ಹಾಕುವವರು ಯಾರೂ ಹುಟ್ಟಲಿಲ್ಲ. ಭತ್ತ ಬೆಳೆಯುವುದಕ್ಕಿಂತ ಮೊರ ಹೆಣೆಯುವುದು ಸುಲಭ ನೋಡಿ. ಪರಿಶೀಲನೆಗಳು ಎಷ್ಟಾದವೆಂದರೆ, 2018ರಲ್ಲಿ ಪರಿಶೀಲನೆಗಳದ್ದೇ ಒಂದು ಪರಿಶೀಲನೆ ಬಂತು. 23 ಪರಿಶೀಲನೆಗಳು, ಅವುಗಳ ಹೊಟ್ಟೆಯಲ್ಲಿ 371 ಅಧ್ಯಯನಗಳು, ಅವುಗಳೊಳಗೆ 79,665 ರೋಗಿಗಳು. ಮೊರದ ಮೇಲೆ ಮೊರ ಪೇರಿಸಿ ಕೇರಿದ ಮೇಲೆ ಕಂಡ ಸತ್ಯ: ಪುರಾವೆ ಇನ್ನೂ ಸೀಮಿತ.

ಈ ಮೊರಗಳ ರಾಶಿಯ ಅಡಿಯಲ್ಲಿ ಎಲ್ಲೋ ಒಬ್ಬಳು ಬಸುರಿ ಇದ್ದಾಳೆ. ನಮ್ಮ ಕೇಂದ್ರ ಸರ್ಕಾರ 2016ರಲ್ಲಿ ಆರಂಭಿಸಿದ ‘ಕಿಲ್ಕಾರಿ’ ಅವಳಿಗಾಗಿಯೇ ಇರುವುದು. ಗರ್ಭಕ್ಕೆ ನಾಲ್ಕು ತಿಂಗಳಾದಾಗಿನಿಂದ ಮಗುವಿಗೆ ವರ್ಷ ತುಂಬುವವರೆಗೆ, ವಾರಕ್ಕೊಂದರಂತೆ 72 ಧ್ವನಿಕರೆಗಳು; ಮಾತನಾಡುವವಳು ಡಾಕ್ಟರ್ ಅನಿತಾ ಎಂಬ ಕಾಲ್ಪನಿಕ ವೈದ್ಯೆ. ಮಧ್ಯಪ್ರದೇಶದಲ್ಲಿ 5,095 ಮಹಿಳೆಯರ ಮೇಲೆ ಇದನ್ನು ಅಚ್ಚುಕಟ್ಟಾಗಿ ಪರೀಕ್ಷಿಸಿದರು. ಗರ್ಭನಿರೋಧಕಗಳ ಬಳಕೆ ಅಷ್ಟಿಷ್ಟು ಹೆಚ್ಚಿತು, ಕೇವಲ ಎದೆಹಾಲು ಕುಡಿಸುವ ರೂಢಿ ಹೆಚ್ಚಲಿಲ್ಲ.

ದೇಶದಲ್ಲಿ ತಾವೇ ಬಳಸುವ ಮೊಬೈಲ್ ಇರುವ ಮಹಿಳೆಯರು ನೂರಕ್ಕೆ 54 ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಉಳಿದವರ ಮನೆಯಲ್ಲಿ ಫೋನು ಇದ್ದರೆ ಅದು ಗಂಡನ ಜೇಬಿನಲ್ಲಿ, ಜೇಬು ಹೊಲದಲ್ಲಿ. ಅಲ್ಲಿ ಸೋಯಾಬೀನ್ ಸಾಲಿನ ನಡುವೆ ನಿಂತ ಗಂಡ ಕೆಸರುಗೈ ಒರೆಸಿಕೊಂಡು ಫೋನು ಕಿವಿಗಿಡುತ್ತಾನೆ. ‘ಕಬ್ಬಿಣಾಂಶದ ಮಾತ್ರೆ ತಪ್ಪಿಸಬೇಡಿ’ ಎನ್ನುತ್ತಾಳೆ ಡಾಕ್ಟರ್ ಅನಿತಾ. ಆತ ವಿನಯದಿಂದ ‘ಆಯಿತು ಮೇಡಂ’ ಎನ್ನುತ್ತಾನೆ. ಸರ್ವರ್ ತನ್ನ ಪಾಡಿಗೆ ಬರೆದುಕೊಳ್ಳುತ್ತದೆ: ಕರೆ ಫಲಾನುಭವಿಗೆ ತಲುಪಿದೆ.