ಲಂಡನ್ ರೈಲಿನ ಆ ಮೆಸೇಜ್ ಅರ್ಧ ಮಾತ್ರ ನಿಜ

'ಲಂಡನ್‌ನಲ್ಲಿ 1986ರಲ್ಲಿ ಮುಚ್ಚಿದ್ದ ಹಳಿಯನ್ನೇ ತೊಳೆದು 2010ರಲ್ಲಿ ರೈಲು ಓಡಿಸಿದರು, ಥೇಮ್ಸ್ ನದಿ ಕೆಳಗೆ ಹೊಸ ಸುರಂಗವನ್ನೂ ಕೊರೆದರು' ಅನ್ನೋ ಮೆಸೇಜ್ ಓಡಾಡುತ್ತಿದೆ. 2010ರಲ್ಲಿ ರೈಲು ಓಡಿದ್ದು ನಿಜ, ಆದರೆ ಹಳಿ ತೊಳೆದದ್ದು, ಸುರಂಗ ಕೊರೆದದ್ದು ಎರಡೂ ತಪ್ಪು.

ಇದು ಈಸ್ಟ್ ಲಂಡನ್ ಲೈನ್ ಅನ್ನೋ ರೈಲು ಮಾರ್ಗವನ್ನು ಮುಚ್ಚಿದ್ದ ಹಳೇ ದಾರಿಯೊಂದರ ಮೇಲೆ ಮುಂದುವರಿಸಿದ ವಿಷಯ. 1986ರಲ್ಲಿ ಬ್ರಾಡ್ ಸ್ಟ್ರೀಟ್ ನಿಲ್ದಾಣ ಮುಚ್ಚಿದ ಮೇಲೆ ಅಲ್ಲಿಗೆ ಹೋಗುತ್ತಿದ್ದ ಕಿಂಗ್ಸ್‌ಲ್ಯಾಂಡ್ ದಾರಿಯ ಹಳಿಗಳನ್ನು ಕಿತ್ತುಹಾಕಿದ್ದರು. ಉಳಿದಿದ್ದು 1865ರ ಕಾಲದ ಇಟ್ಟಿಗೆ ಕಮಾನುಗಳ ಸಾಲು, ಅಷ್ಟೇ. ಅದರ ಮೇಲೆ ಹೊಸ ಹಳಿ ಹಾಕಿ, ಹಾಕ್ಸ್‌ಟನ್ ಮತ್ತು ಹ್ಯಾಗರ್‌ಸ್ಟನ್ ನಿಲ್ದಾಣ ಕಟ್ಟಿ, ಶೋರ್ಡಿಚ್ ಹೈ ಸ್ಟ್ರೀಟ್ ರಸ್ತೆ ಮೇಲೆ ಹೊಸ ಸೇತುವೆ ಕೂರಿಸಿದರು. ಅಲ್ಲಿನ ನಿಲ್ದಾಣವಂತೂ ದೊಡ್ಡ ಕಾಂಕ್ರೀಟ್ ಡಬ್ಬಿಯೊಳಗಿದೆ, ಮುಂದೆ ಸುತ್ತಮುತ್ತ ಕಟ್ಟಡ ಎದ್ದರೂ ರೈಲು ನಿಲ್ಲಿಸಬೇಕಾಗಬಾರದು ಅಂತ. ಇದನ್ನೆಲ್ಲ 'ತೊಳೆಯೋದು' ಅಂದರೆ ಹೇಗೆ?

ಇನ್ನು ಸುರಂಗ. ಅದು ಎಂಜಿನಿಯರ್ ಮಾರ್ಕ್ ಬ್ರೂನೆಲ್ ಕಟ್ಟಿಸಿ 1843ರಲ್ಲಿ ಜನ ನಡೆದಾಡಲು ತೆರೆದದ್ದು, ರೈಲು ಬಂದದ್ದು 1869ರಲ್ಲಿ. ಈಗಲೂ ಅದೇ ಸುರಂಗ.

ಹಳೇ ದಾರಿ ಇದ್ದದ್ದರಿಂದ ಅನುಕೂಲ ಆಯ್ತು, ನಿಜ. ಆದರೂ ಈ ಕೆಲಸಕ್ಕಾಗಿ, ಅಲ್ಲಿಯವರೆಗೆ ಸುರಂಗದ ಮೂಲಕ ಓಡುತ್ತಿದ್ದ ಈಸ್ಟ್ ಲಂಡನ್ ಲೈನ್ 2007ರ ಡಿಸೆಂಬರ್‌ನಿಂದ 2010ರ ಏಪ್ರಿಲ್‌ವರೆಗೆ ಇಡೀ ಬಂದ್ ಆಗಿತ್ತು. ಆ ಮೆಸೇಜ್ ಬಂದರೆ ದಯವಿಟ್ಟು ಫಾರ್ವರ್ಡ್ ಮಾಡಬೇಡಿ, ಈಗಾಗಲೇ ಕಳಿಸಿದ್ದರೆ ಅದರ ಕೆಳಗೆ ಇದನ್ನು ಹಾಕಿಬಿಡಿ.