ಜಗಳ ಮತ್ತು ಆರು ಅಂಕಿಗಳು

ಮೊನ್ನೆ ಪರಿಚಿತರೊಬ್ಬರೊಡನೆ ಫೋನಿನಲ್ಲಿ ಜಗಳವಾಡಿ, ಆ ಬಿಸಿ ಆರುವ ಮೊದಲೇ ಬಿಲ್ಲೊಂದನ್ನು ಕಟ್ಟಲು ಕಂಪ್ಯೂಟರಿನ ಮುಂದೆ ಕುಳಿತೆ. ಮೊಬೈಲಿಗೆ ಆರು ಅಂಕಿಗಳ ಓಟಿಪಿ ಬಂತು. ಅದನ್ನು ಓದಿಕೊಂಡು ಕೀಲಿಮಣೆಯ ಕಡೆಗೆ ತಿರುಗುವಷ್ಟರಲ್ಲಿ ಮೊದಲೆರಡು ಅಂಕಿಗಳು ಮಾತ್ರ ಕೈಯಲ್ಲಿದ್ದವು. ಮತ್ತೆ ನೋಡಿದೆ, ಮತ್ತೆ ಮರೆತೆ. ಮೂರನೆಯ ಸಲ ಗಟ್ಟಿಯಾಗಿ ಹೇಳಿಕೊಳ್ಳುತ್ತ ಒತ್ತುವ ಹೊತ್ತಿಗೆ ಅದರ ಅವಧಿಯೇ ಮುಗಿದಿತ್ತು. ಸೋಜಿಗವೆಂದರೆ, ಎದುರಾಳಿ ಆಡಿದ ಉದ್ದನೆಯ ಚುಚ್ಚುಮಾತೊಂದು ಮಾತ್ರ ಒಂದಕ್ಷರವೂ ಸವೆಯದೆ ಕಿವಿಯಲ್ಲಿ ಕುಳಿತಿತ್ತು.

ಮನೆಯವರು ಇದನ್ನು ವಯಸ್ಸಿನ ಲೆಕ್ಕಕ್ಕೆ ಬರೆದರು. ಹಿಂದಿನ ದಿನ ಇಂಥದೇ ಆರು ಅಂಕಿಗಳನ್ನು ಒಂದೇ ನೋಟಕ್ಕೆ ಹಿಡಿದಿದ್ದ ನಾನು ಒಂದು ರಾತ್ರಿಯಲ್ಲಿ ಅಷ್ಟೊಂದು ಮುದಿಯಾದೆನೆಂದು ಒಪ್ಪಲು ಸಿದ್ಧವಿರಲಿಲ್ಲ.

ಅಲ್ಪಾವಧಿಯ ನೆನಪು ಮೊದಲೇ ಬಡ ಮನೆ. ಅದರಲ್ಲಿ ಏಳು ಸಂಗತಿಗಳು, ಹೆಚ್ಚೆಂದರೆ ಇನ್ನೆರಡು, ಕಡಿಮೆಯೆಂದರೆ ಎರಡು ಕಡಿಮೆ ಹಿಡಿಯುತ್ತವೆಂದು ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದರು. 2001ರಲ್ಲಿ ಇನ್ನೊಬ್ಬ ಮನೋವಿಜ್ಞಾನಿ ನೆಲ್ಸನ್ ಕೋವನ್ ಅದನ್ನು ಸುಮಾರು ನಾಲ್ಕಕ್ಕೆ ಇಳಿಸಿದರು. ಹಿಡಿದದ್ದೂ ತಾನಾಗಿ ಉಳಿಯುವುದಿಲ್ಲ, ಒಳದನಿಯಲ್ಲಿ ಮತ್ತೆ ಮತ್ತೆ ಹೇಳಿಕೊಳ್ಳುತ್ತಿರಬೇಕು. 1959ರಲ್ಲಿ ಪೀಟರ್‌ಸನ್ ದಂಪತಿ ತಮ್ಮ ಪ್ರಯೋಗಕ್ಕೆ ಬಂದವರಿಗೆ ಮೂರೇ ಮೂರು ವ್ಯಂಜನಾಕ್ಷರಗಳನ್ನು ಕೊಟ್ಟು, ಕೂಡಲೇ ಒಂದು ಸಂಖ್ಯೆಯಿಂದ ಮೂರು ಮೂರನ್ನು ಕಳೆಯುತ್ತ ಹಿಂದಕ್ಕೆ ಎಣಿಸಲು ಹೇಳಿದರು. ಒಳದನಿಗೆ ಎಣಿಕೆಯಿಂದ ಬಿಡುವು ಸಿಗದೆ, 18 ಸೆಕೆಂಡುಗಳೊಳಗೆ ಆ ಅಕ್ಷರಗಳು ಬಹುಪಾಲು ಅಳಿಸಿಹೋಗಿದ್ದವು.

ನನಗೆ ಹಿಂದಕ್ಕೆ ಎಣಿಸಲು ಯಾರೂ ಹೇಳಿರಲಿಲ್ಲ, ನಿಜ. ಆದರೆ ಅಂಕಿಗಳನ್ನು ಜಪಿಸಬೇಕಾಗಿದ್ದ ಒಳದನಿ, ಜಗಳದಲ್ಲಿ ಕೊಡಬೇಕಾಗಿದ್ದು ಕೊಡಲಾಗದೆ ಹೋದ ಉತ್ತರವನ್ನು ತಿದ್ದಿ ತಿದ್ದಿ ಕಟ್ಟುತ್ತಿತ್ತು. ಇರುವುದೊಂದೇ ನಾಲಿಗೆ, ಅದು ಎರಡು ಪಾಠಗಳನ್ನು ಒಟ್ಟಿಗೆ ಒಪ್ಪಿಸಲಾರದು. ಪರೀಕ್ಷೆಯ ಭಯದಲ್ಲಿರುವ ವಿದ್ಯಾರ್ಥಿಗೂ ಹೀಗೆಯೇ ಆಗುತ್ತದೆ: ಪ್ರಶ್ನೆಯ ಕೊನೆಯ ಸಾಲನ್ನು ತಲುಪುವಾಗ ಮೊದಲ ಸಾಲು ಜಾರಿರುತ್ತದೆ, ಏಕೆಂದರೆ ನಡುವೆಲ್ಲ ‘ಫೇಲಾದರೆ?’ ಎಂಬ ಮಾತೇ ಓಡುತ್ತಿರುತ್ತದೆ. ಇದರ ಮೇಲೆ ಮೆದುಳಿನ ರಸಾಯನವೂ ಕೈಜೋಡಿಸುತ್ತದೆ. ಉದ್ವೇಗದಲ್ಲಿ ನಾರ್‌ಅಡ್ರಿನಲಿನ್ ಮತ್ತು ಡೋಪಮಿನ್ ಮಿತಿಮೀರಿದಾಗ, ಹಣೆಯ ಹಿಂದಿರುವ ಮೆದುಳಿನ ಮುಂಭಾಗದ ಹಿಡಿತ ಸಡಿಲವಾಗುತ್ತದೆ. ಭಯ, ಕೋಪಗಳ ಜಾಡು ಹಿಡಿಯುವ ಅಮಿಗ್ಡಲಾ ಎಂಬ ಮೆದುಳಿನ ಭಾಗ ಮಾತ್ರ ಆಗ ಚುರುಕಾಗಿರುತ್ತದೆ. ಚುಚ್ಚುಮಾತು ಉಳಿದು ಅಂಕಿಗಳು ಹಾರಿಹೋದದ್ದರಲ್ಲಿ ಅದರ ಕೈವಾಡವೂ ಇದ್ದೀತು.

ಸಂತೋಷವೇನೂ ಕಡಿಮೆಯದಲ್ಲ. ಶುಭವಾರ್ತೆ ಕೇಳಿ ಕುಣಿದವರು ಕನ್ನಡಕವನ್ನು ಎಲ್ಲಿಟ್ಟರೆಂದು ಆಮೇಲೆ ಹುಡುಕುತ್ತಾರೆ; ಆದರೆ ನಗುನಗುತ್ತ ಹುಡುಕುವುದರಿಂದ ಅದನ್ನು ಯಾರೂ ಮರೆವೆಂದು ದೂರುವುದಿಲ್ಲ.

ಆ ರಾತ್ರಿ ಹಾಸಿಗೆಯಲ್ಲಿ ನನ್ನ ಉತ್ತರ ಕೊನೆಗೂ ಹೊಳೆಯಿತು, ಹರಿತವಾಗಿ, ಒಂದು ಪದವೂ ಹೆಚ್ಚಿಲ್ಲದೆ. ತೃಪ್ತಿಯಿಂದ ನಿದ್ದೆ ಹೋದೆ. ಬೆಳಿಗ್ಗೆ ಹೊಸ ಓಟಿಪಿಯ ಆರೂ ಅಂಕಿಗಳನ್ನು ಒಂದೇ ನೋಟಕ್ಕೆ ಹಿಡಿದು ಬಿಲ್ಲು ಕಟ್ಟಿದೆ. ಆ ಉತ್ತರ ಏನಿತ್ತೆಂಬುದು ಮಾತ್ರ ಎಷ್ಟು ತಡಕಿದರೂ ಸಿಗಲಿಲ್ಲ.